ಶರೀರದ ನೆನಪು

ಕಳೆದ ವರ್ಷ ನಮ್ಮ ದೊಡ್ಡಪ್ಪನಿಗೆ ಕ್ಷಯ ತಗುಲಿದಾಗ ಅಕ್ಕನ ಮುಂಗೈಗೂ ಮಾಂಟೂ ಪರೀಕ್ಷೆಯ ಸೂಜಿ ಚುಚ್ಚಿದರು. ಮೂರನೆಯ ದಿನ ಅಲ್ಲಿ ಕೆಂಪಗೆ ಗಟ್ಟಿ ಬಾವು ಬಂದಿತು. ಓಣಿಯವರು ಅವಳು ತಂದ ಕೊಡದ ನೀರು ಬೇಡವೆಂದರು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಬಾವಿನ ಅರ್ಥ ಹುಡುಕುವ ಹೊಣೆ ನನ್ನ ಮೇಲೆ ಬಿದ್ದಿತು.

ರೋಗಾಣುವನ್ನು ಒಮ್ಮೆ ಎದುರಿಸಿದ ಟಿ ಎಂಬ ಬಿಳಿಯ ರಕ್ತಕಣಗಳಲ್ಲಿ ಕೆಲವು ಅದರ ಗುರುತನ್ನು ಬಹುಕಾಲ ಉಳಿಸಿಕೊಳ್ಳುವವು. ಇವೇ ಸ್ಮೃತಿಕಣಗಳು. ಸೂಜಿಯ ಔಷಧದಲ್ಲಿ ಜೀವಂತ ರೋಗಾಣುಗಳಿರುವದಿಲ್ಲ, ಅವುಗಳ ಪ್ರೋಟೀನು ಮಾತ್ರ ಇರುವದು. ಅದನ್ನು ಗುರುತಿಸಿದ ಮೊದಲ ಸ್ಮೃತಿಕಣಗಳು ಇಂಟರ್‌ಫೆರಾನ್-ಗಾಮಾ ಎಂಬ ದ್ರವ್ಯವನ್ನು ಸೂಸುವವು. ಅದರಿಂದ ಎಚ್ಚೆತ್ತ ಸುತ್ತಲಿನ ಜೀವಕೋಶಗಳು ಕೀಮೋಕೈನ್‌ಗಳೆಂಬ ಸಂದೇಶದ್ರವ್ಯಗಳನ್ನು ಬಿಡುವವು. ರಕ್ತದಲ್ಲಿ ತಿರುಗುತ್ತಿರುವ ಇತರ ಸ್ಮೃತಿಕಣಗಳು ನಾಳದ ಗೋಡೆಗೆ ತಾಗಿ ಉರುಳುತ್ತ, ಈ ಸಂದೇಶ ದೊರೆತೊಡನೆ ಬಿಗಿಯಾಗಿ ಅಂಟಿಕೊಂಡು, ಗೋಡೆಯನ್ನು ದಾಟಿ ಚರ್ಮದೊಳಗೆ ನುಸುಳುವವು. ಕೊಕಟನೂರ ಯಲ್ಲಮ್ಮನ ಜಾತ್ರೆಯಲ್ಲಿ ವಾದ್ಯದ ಸಪ್ಪಳ ಕೇಳಿದತ್ತ ಜನ ಕೂಡುವಂತೆ! ಈ ಕೂಟ ಕೈಗೆ ಸಿಗುವಷ್ಟು ಗಟ್ಟಿಯಾಗಲು 48ರಿಂದ 72 ತಾಸು ಬೇಕು.

ಹೀಗೆ ಬಾವು ಹೇಳುವದು ಇಷ್ಟೇ: ಈ ಶರೀರ ಕ್ಷಯದ ರೋಗಾಣುವನ್ನಾಗಲಿ, ಬಿ.ಸಿ.ಜಿ. ಲಸಿಕೆಯನ್ನಾಗಲಿ, ಅವುಗಳ ಸಂಬಂಧಿಯನ್ನಾಗಲಿ ಹಿಂದೆ ಕಂಡಿದೆ. ಈಗ ರೋಗವಿದೆಯೆಂದು ಅದೊಂದರಿಂದಲೇ ಹೇಳಲಾಗದು. ಅದಕ್ಕೆ ಕಫದ ಪರೀಕ್ಷೆ, ಎಕ್ಸ್-ರೇ ಬೇಕು. ಅವನ್ನು ಮಾಡಿಸಿದಾಗ ಅಕ್ಕನಿಗೆ ರೋಗ ಕಾಣಲಿಲ್ಲ. ಅಲ್ಲದೆ ಶ್ವಾಸಕೋಶದ ಕ್ಷಯ ಹರಡುವದು ರೋಗಿಯ ಕೆಮ್ಮಿನಿಂದ ಗಾಳಿಯಲ್ಲಿ, ಕೊಡದ ನೀರಿನಿಂದಲ್ಲ.

ಶರೀರದ ನೆನಪನ್ನೇ ರೋಗವೆಂದು ಬಗೆದು ಮನುಷ್ಯರನ್ನು ದೂರವಿಡುವದು ಅಜ್ಞಾನ. ಕಲಿತ ನಾವು ನಮ್ಮ ನಮ್ಮ ಓಣಿಯಲ್ಲಿ ಇದನ್ನು ತಿಳಿಸಿ ಹೇಳಬೇಡವೆ?