ಹಾಲಿನ ಲೆಕ್ಕಕ್ಕೆ ಬೇರೆ ಕಾಲುವೆ



ಅನೇಕ ಹಾಲಿನ ಸಂಘಗಳ ಲೆಕ್ಕ ಈಗ ಕಂಪ್ಯೂಟರಿನಲ್ಲಿದೆ. ಅದೇ ಜಾಲಕ್ಕೆ ಕ್ಯಾಮೆರಾಗಳನ್ನೂ ಬಂದವರ ಮೊಬೈಲುಗಳನ್ನೂ ಸೇರಿಸಿದರೆ, ನಿಮ್ಮ ಬಟವಾಡೆಯ ಲೆಕ್ಕಕ್ಕೆ ಪರರು ಕೈಹಾಕಲು ದಾರಿಯಾದೀತು. ಇದಕ್ಕೆ ವಿ-ಲ್ಯಾನ್ ಎಂಬ ಏರ್ಪಾಡುಂಟು. ಒಂದೇ ಸ್ವಿಚ್ಚಿನಲ್ಲಿ ಲೆಕ್ಕಕ್ಕೆ 10, ಕ್ಯಾಮೆರಾಕ್ಕೆ 20 ಎಂದು ನಂಬರು ಕೊಟ್ಟರೆ ಎರಡೂ ಬೇರೆ ಬೇರೆ ಕಾಲುವೆಗಳಾಗುತ್ತವೆ. ನಂಬರುಗಳು 4094ರವರೆಗೆ ಇವೆ. ನಮಗೆ ಮೂರು ಸಾಕು.

ಕಾಲುವೆಯಿಂದ ಕಾಲುವೆಗೆ, ಊರಿಂದ ಊರಿಗೆ ಮಾಹಿತಿ ದಾಟಿಸುವ ನೀರಗಂಟಿಯೇ ರೂಟರ್. ತಡೆಯ ನಿಯಮ ಬರೆಯದಿದ್ದರೆ ಈ ನೀರಗಂಟಿ ಎಲ್ಲ ತೂಬುಗಳನ್ನೂ ತೆರೆದಿಡುತ್ತಾನೆ! ಇದನ್ನು ಮರೆಯಬೇಡಿರಿ.

ಶಾಖೆಯ ವಿಳಾಸಗಳು ಬೇರೆಯೇ ಇರಲಿ. ಇಲ್ಲಿ 192.168.10 ಇದ್ದರೆ ಅಲ್ಲಿ 192.168.110. ಎರಡು ಹೊಲಕ್ಕೆ ಒಂದೇ ಸರ್ವೆ ನಂಬರಿದ್ದರೆ ನೋಟೀಸು ಯಾರಿಗೆ ಹೋಗಬೇಕು? ಹೋಗುವ ದಾರಿಯನ್ನು ಈ ರೂಟರಿನಲ್ಲಿ ಬರೆದಂತೆ, ಮರಳುವ ದಾರಿಯನ್ನು ಆ ಊರಿನ ರೂಟರಿನಲ್ಲಿಯೂ ಬರೆಯಬೇಕು. ಇಲ್ಲವಾದರೆ ಪ್ರಶ್ನೆ ತಲಪುತ್ತದೆ, ಉತ್ತರ ಬಾರದು.

ಕೆಲಸದವರು ಹೊರಡುವ ಮೊದಲು ಎರಡೂ ಊರುಗಳಿಂದ ಪಿಂಗ್ ಮಾಡಿಸಿ ನೋಡಿರಿ. ಲೆಕ್ಕದಿಂದ ಲೆಕ್ಕಕ್ಕೆ ಉತ್ತರ ಬರಬೇಕು. ಕ್ಯಾಮೆರಾದ ಕಾಲುವೆಯಿಂದ ಲೆಕ್ಕಕ್ಕೆ ಬರಕೂಡದು.