ಗರಗಸದ ಮಶೀನು: ಮೊದಲು ಶುಚಿ, ಆಮೇಲೆ ರಿಪೇರಿ

ನಮ್ಮ ಲಿಂಗನೂರಿನ ಕಡೆ ಬದುವಿನ ಮೇಲಿನ ಜಾಲಿ ಕೊಯ್ಯಲು ಈಗ ಪೆಟ್ರೋಲಿನ ಚೈನ್ ಗರಗಸ ಬಂದಿದೆ. ಚೈನಿನ ಎಣ್ಣೆಗೆ ಕಟ್ಟಿಗೆಯ ಪುಡಿ ಕೂಡಿ ಜಿಡ್ಡು ಗಟ್ಟಿಯಾಗುತ್ತದೆ. ಅದರ ಕೆಳಗಿನ ಬಿರುಕು, ಸೋರಿಕೆ ರಿಪೇರಿಯವನ ಕಣ್ಣಿಗೆ ಬೀಳುವುದಿಲ್ಲ. ಸಿಲಿಂಡರಿನ ರೆಕ್ಕೆಗಳ ಸಂದಿ ಮುಚ್ಚಿದರೆ ಗಾಳಿಯಾಡದೆ ಇಂಜಿನು ಕಾದು ಪಿಸ್ಟನ್ ಜಾಮಾಗುತ್ತದೆ. ಆಗ ಖರ್ಚು ದೊಡ್ಡದು.

ನಾವು ಅನುಸರಿಸುವ ಕ್ರಮ ಹೀಗಿದೆ:

1. ಇಂಜಿನು ಪೂರಾ ಆರಲಿ. ಪ್ಲಗ್ಗಿನ ತಂತಿ ಕಳಚಿರಿ. ಟಾಕಿಯ ಪೆಟ್ರೋಲನ್ನು ಡಬ್ಬಿಗೆ ತೆಗೆದು ದೂರ ಇಡಿರಿ.

2. ಬಿದಿರಿನ ಕಡ್ಡಿಯಿಂದ ಗಟ್ಟಿ ಜಿಡ್ಡನ್ನು ಕೆರೆಯಿರಿ.

3. ಗಾಳಿಯ ಬಾಯಿ, ಹೊಗೆಯ ಬಾಯಿ ಎರಡಕ್ಕೂ ಅರಿವೆ ತುರುಕಿರಿ. ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೀಮೆಎಣ್ಣೆ ಇಲ್ಲವೆ ಡೀಸೆಲಿನಲ್ಲಿ ಅದ್ದಿ ತಿಕ್ಕಿ, ಒರೆಸಿರಿ.

4. ಚೈನನ್ನು ಬಿಚ್ಚಿ ಅದೇ ಎಣ್ಣೆಯಲ್ಲಿ ನೆನೆಹಾಕಿರಿ. ಒರೆಸಿದ ಮೇಲೆ ಚೈನಿನ ಎಣ್ಣೆ ಸವರಿರಿ.

ಪೆಟ್ರೋಲಿನಿಂದ ಎಂದೂ ತೊಳೆಯಬಾರದು. ಅದರ ಆವಿಗೆ ಒಂದು ಬೀಡಿಯ ಕಿಡಿ ಸಾಕು. ತೊಳೆಯುವ ಸೋಡಾ ಅಗ್ಗವೇನೋ ಹೌದು, ಆದರೆ ಅಲ್ಯೂಮಿನಿಯಮ್ಮಿನ ಭಾಗಗಳನ್ನು ತಿನ್ನುತ್ತದೆ. ಉಳಿದ ಎಣ್ಣೆ ತಿಳಿಯಾದ ಮೇಲೆ ಮತ್ತೆ ಬಳಸಬಹುದು. ಬಾವಿ, ಕಾಲುವೆಯ ಬಳಿ ಚೆಲ್ಲಬೇಡಿರಿ. ಒಂದು ಬಟ್ಟಲು ಎಣ್ಣೆ, ಅರ್ಧ ತಾಸಿನ ದುಡಿಮೆ: ಇಷ್ಟರಲ್ಲಿ ಮಶೀನಿನ ನಿಜವಾದ ದೋಷ ಹೊರಬೀಳುತ್ತದೆ.