ಗ್ರೇನ್ ಸಣ್ಣದಾದರೆ ಸಾಲದು

ಶರಣಸಿರಸಗಿ ಕಡೆಯಿಂದ ಕಲಬುರಗಿಗೆ ಇಂಜಿನಿಯರಿಂಗ್ ಓದಲು ಹೋಗುವ ಹುಡುಗರು ನನಗೆ ಕೇಳುವುದು ಇದೊಂದೇ: "ಗ್ರೇನ್ ಸಣ್ಣ ಆದಂಗ ಲೋಹ ಗಟ್ಟಿ ಆಗ್ತದಲ್ರೀ ಸರ?" ಪರೀಕ್ಷೆಗೆ ಅಷ್ಟು ಸಾಕು. ಗಡಸುತನ ಅಳೆಯಲು ಕೂತವರಿಗೆ ಸಾಲದು.

1. ಸೂತ್ರಕ್ಕಿಂತ ಮೊದಲು ಕಾರಣ ಹಿಡಿಯಿರಿ. ಆ ಸೂತ್ರ ಕೊಟ್ಟ ಹಾಲ್ (1951), ಪೆಚ್ (1953) ಹೇಳಿದ್ದು ಇಷ್ಟೇ: ಲೋಹ ಮಣಿಯುವುದು ಒಳಗಿನ ಹರಳು-ಜೋಡಣೆಯ ದೋಷಗಳಾದ ಡಿಸ್‌ಲೊಕೇಶನ್‌ಗಳು ಸರಿದಾಗ, ಗ್ರೇನಿನ, ಅಂದರೆ ಲೋಹದೊಳಗಿನ ಪ್ರತಿ ಹರಳಿನ, ಅಂಚು ಅವನ್ನು ತಡೆಯುತ್ತದೆ. ಸಂತೆಯ ಗೇಟಿಗೆ ಹಿಂದಿನಿಂದ ನೂಕುವ ಜನರಂತೆ ಅವು ಅಂಚಿಗೆ ಒತ್ತುತ್ತವೆ. ಗ್ರೇನ್ ಸಣ್ಣದಾದರೆ ನೂಕುವವರೂ ಕಡಿಮೆ, ಹಾಗಾಗಿ ಹೊರಗಿನ ಬಲ ಹೆಚ್ಚು ಬೇಕು. ಗ್ರೇನ್ ಗಾತ್ರ ಕಾಲುಭಾಗಕ್ಕೆ ಇಳಿದರೆ ಅಂಚಿನಿಂದ ಬರುವ ಪಾಲು ದುಪ್ಪಟ್ಟಾಗುತ್ತದೆ. ಒಟ್ಟು ಗಡಸುತನವಲ್ಲ, ಆ ಪಾಲು ಮಾತ್ರ.

2. ಗ್ರೇನ್ ಸಣ್ಣದಾದಂತೆ ಗಡಸುತನ ಏರುವ ಆ ಗೆರೆ ಕೊನೆತನಕ ಓಡುವುದಿಲ್ಲ. ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರಾಧ್ಯಾಪಕರಾದ ಅತುಲ್ ಚೋಕ್ಷಿ, ಗ್ಲೈಟರ್ ಮೊದಲಾದ ಸಂಶೋಧಕರ ಜೊತೆ 1989ರಲ್ಲಿ ನ್ಯಾನೊ ಗ್ರೇನಿನ ತಾಮ್ರ, ಪಲ್ಲೇಡಿಯಂಗಳನ್ನು ಅಳೆದಾಗ ಗ್ರೇನ್ ಕಿರಿದಾದಷ್ಟೂ ಲೋಹ ಮೆತ್ತಗಾಗಿತ್ತು. ತಾಮ್ರ ಅತ್ಯಂತ ಗಟ್ಟಿಯಾಗುವುದು 10–15 ನ್ಯಾನೊಮೀಟರ್ ಬಳಿ ಎಂದು 2003ರ ಕಂಪ್ಯೂಟರ್ ಲೆಕ್ಕ ಹೇಳಿತು. ಅದಕ್ಕಿಂತ ಕೆಳಗೆ ಅಂಚುಗಳೇ ಜಾರತೊಡಗುತ್ತವೆ.

3. ಮಾದರಿಯ ಪೂರ್ವಕಥೆ ಕೇಳದೆ ಯಾರ ಗ್ರಾಫನ್ನೂ ನಂಬಬೇಡಿ. ನನ್ನ ಪ್ರಕಾರ ಇದೇ ಮುಖ್ಯ. ಒಂದೇ ತುಂಡನ್ನು ಪದೇ ಪದೇ ಕಾಯಿಸಿ ಗ್ರೇನ್ ಬೆಳೆಸಿ ಅಳೆದವರಿಗೆ, ಗ್ರೇನ್ ದೊಡ್ಡದಾದಂತೆ ಗಡಸುತನ ಏರಿದ್ದೂ ಉಂಟು. ಬೇರೆ ಬೇರೆ ಗಾತ್ರದಲ್ಲೇ ತಯಾರಾದ ತುಂಡುಗಳನ್ನು ಅಳೆದವರಿಗೆ ಹಳೆಯ ಗೆರೆಯೇ ಸಿಕ್ಕಿತು. ಕಾಯಿಸುವುದರಿಂದ ಗ್ರೇನ್ ಬೆಳೆಯುವುದಷ್ಟೇ ಅಲ್ಲ, ಒಳಗಿನ ರಂಧ್ರಗಳು ಮುಚ್ಚುತ್ತವೆ, ಅಂಚುಗಳು ನೆಲೆಗೊಳ್ಳುತ್ತವೆ. ಪುಡಿ ಒತ್ತಿ ಮಾಡಿದ ತುಂಡಾದರೆ ಸಾಂದ್ರತೆ ಮೊದಲು ಅಳೆಯಿರಿ. ಬಾಲ್ ಮಿಲ್ಲಿನಿಂದ ಬಂದ ಪುಡಿಯಾದರೆ ಉಕ್ಕಿನ ಗುಂಡುಗಳಿಂದ ಎಷ್ಟು ಕಬ್ಬಿಣ ಸೇರಿದೆ ನೋಡಿ.

4. ಎಕ್ಸ್‌ರೇ ಕೊಡುವ ಗಾತ್ರ ಗ್ರೇನಿನದ್ದೇ ಆಗಿರಬೇಕೆಂದಿಲ್ಲ. ಒಳಗಿನ ಒತ್ತಡವೂ ಯಂತ್ರವೂ, ಗಾತ್ರ ಲೆಕ್ಕಹಾಕಲು ಬಳಸುವ ಎಕ್ಸ್‌ರೇ ಶಿಖರವನ್ನು ಅಗಲಿಸುತ್ತವೆ. ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ಕಣ್ಣಾರೆ ನೋಡಿ.

5. ತಡ ಮಾಡಬೇಡಿ. ನ್ಯಾನೊ ತಾಮ್ರದ ಗ್ರೇನ್ ಕೋಣೆಯ ತಾಪಮಾನದಲ್ಲೇ ಬೆಳೆಯಬಲ್ಲದು. ಇಂದಿನ ಅಂಕಿ ಮುಂದಿನ ವಾರ ಸಿಗದಿರಬಹುದು. ಅಂಚನ್ನು ಬಿಗಿಮಾಡುವ ದಾರಿಯೂ ಉಂಟು: ನಿಕಲ್‌ಗೆ ಮಾಲಿಬ್ಡಿನಂ ಬೆರೆಸಿ ಹದವಾಗಿ ಕಾಯಿಸಿದರೆ ಅದು ಅಂಚಿಗೆ ಹೋಗಿ ಕೂರುತ್ತದೆ. 2017ರಲ್ಲಿ ಹೀಗೆ ಅಂಚು ಬಿಗಿಮಾಡಿದಾಗ, ಮೆತ್ತಗಾಗಬೇಕಿದ್ದಷ್ಟು ಕಿರಿದಾದ ಗ್ರೇನುಗಳಲ್ಲೂ ಗಡಸುತನ ಏರಿತು.